ಹದಿನೆಂಟು ಕಿಲೋ ಬೇಳೆಯ ಚಾರಣ

ಕಲಬುರಗಿಯ ಸುತ್ತ ಗುಡ್ಡ ಎಂದು ಹೇಳಿಕೊಳ್ಳುವ ಧೈರ್ಯವಿರುವ ನೆಲ ಎಷ್ಟಿದೆಯೋ ಅಷ್ಟನ್ನೂ ಹತ್ತಿ ಇಳಿದು ಬಂದ ಒಂದು ಚೀಲ ತೊಗರಿ ಬೇಳೆ ನನ್ನ ಅಂಗಡಿಯಲ್ಲಿದೆ. ನಗಬೇಡಿ. ಅದನ್ನು ಹತ್ತಿಸಿ ಇಳಿಸಿದವರು ನಮ್ಮ ಭಾವ, ಅಂದರೆ ಅಕ್ಕನ ಗಂಡ. ನಾನು ಅವರನ್ನು ಮಾಮಾ ಎಂದು ಕರೆಯುತ್ತೇನೆ, ಅವರು ನನ್ನನ್ನು ಸಾವ್ಕಾರ ಎಂದು ಕರೆಯುತ್ತಾರೆ. ಎರಡರಲ್ಲೂ ಒಂದಿಷ್ಟು ಕುಚೋದ್ಯವಿದೆ.

ಭಾವ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕುರ್ಚಿ ಬಿಟ್ಟು ಏಳದೆ ನೌಕರಿ ಮಾಡಿದವರು. ಮೇಲಿನ ಮಹಡಿಯ ಫೈಲು ಬೇಕಾದರೆ ಫೈಲೇ ಇಳಿದು ಬರಲಿ ಎಂದು ಕಾಯುತ್ತಿದ್ದ ಜೀವ. ಅಂಥವರು ಅರವತ್ತಮೂರರ ವಯಸ್ಸಿನಲ್ಲಿ ಒಂದು ಹೊಸ ಉದ್ಯೋಗ ಹಿಡಿದರು: ಮಕ್ಕಳಿರುವ ಸಂಸಾರಗಳು ನಡೆದು ಹೋಗಿ ನೋಡಿ ಬರುವಂಥ ಚಂದದ ದಾರಿಗಳನ್ನು ಆರಿಸುವುದು. ಅದೂ ಎಲ್ಲಿ? ಬಡಿದ ರೊಟ್ಟಿಯಷ್ಟು ಸಪಾಟಾದ ನಮ್ಮ ನೆಲದಲ್ಲಿ! ರಸ್ತೆಯಲ್ಲಿ ಉಬ್ಬು ಬಂದರೆ ಮಕ್ಕಳು ಗುಡ್ಡ ಬಂತು ಎಂದು ಚಪ್ಪಾಳೆ ತಟ್ಟುವ ಊರಿದು.

ಕಾರಣ ಮೊದಲೇ ಹೇಳಿಬಿಡುತ್ತೇನೆ, ಬಚ್ಚಿಟ್ಟು ಬೆಲೆ ಏರಿಸುವುದು ನನಗೆ ಅಂಗಡಿಯಲ್ಲಿ ಸಾಕು. ಭಾವನಿಗೆ ಏಳು ವರ್ಷದ ಮೊಮ್ಮಗಳಿದ್ದಾಳೆ. ಹುಟ್ಟಿದಾಗಿನಿಂದ ಅವಳ ಕಾಲಿಗೆ ನಿಲ್ಲುವ ಬಲವಿಲ್ಲ, ಬಾಯಿಗೆ ನಿಲ್ಲುವ ಅಭ್ಯಾಸವಿಲ್ಲ. ಐವಾನ್-ಎ-ಶಾಹಿ ಕಾಲೊನಿಯ ಅವರ ಮನೆ ಇರುವುದು ಮಹಡಿಯ ಮೇಲೆ. ದಿನಾ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಇಳಿಸುವವರು, ಹತ್ತಿಸುವವರು ಭಾವನೇ. ಒಂದು ದಿನ ಶಾಲೆಯವರು ಅವಳ ತರಗತಿಯ ಮಕ್ಕಳನ್ನೆಲ್ಲ ಗುಡ್ಡಕ್ಕೆ ಕರೆದೊಯ್ದರು. ಇವಳ ಕೈಗೆ ಪ್ರೀತಿಯಿಂದಲೇ ಬಣ್ಣದ ಪೆನ್ಸಿಲು ಕೊಟ್ಟು, ನೀನು ಗುಡ್ಡದ ಚಿತ್ರ ಬರೆ ಅಂದರು. ಬರೆದಳು. ಸಂಜೆ ಅಜ್ಜನಿಗೆ ತೋರಿಸಿ ಕೇಳಿದಳು.

"ಅಜ್ಜಾ, ಇದು ಕೆಳಗಿಂದ ಕಾಣೂ ಗುಡ್ಡ. ಮ್ಯಾಲ ಹೋಗಿ ನೋಡಿದ್ರ ಏನು ಕಾಣ್ತದ?"

ಭಾವ ಜೀವನದಲ್ಲಿ ಗುಡ್ಡ ಹತ್ತಿದವರಲ್ಲ. "ನೋಡಿ ಬಂದು ಹೇಳ್ತೀನವ್ವ" ಅಂದರು.

"ನೀ ಹೇಳೂದು ಬ್ಯಾಡ. ನಾನೇ ನೋಡಿ ಬರೀತೀನಿ."

ಮಾತು ಕೊಟ್ಟಾಗಿತ್ತು. ಮರುದಿನ ಭಾವ ನನ್ನ ಅಂಗಡಿಗೆ ಬಂದರು.

ಅಂಗಡಿಯ ವಿಷಯ ಎರಡು ಮಾತು. ಶರಣಬಸವೇಶ್ವರ ಗುಡಿಯ ಹತ್ತಿರ ತಳ್ಳುಗಾಡಿಯಲ್ಲಿ ಬೇಳೆ ಮಾರುತ್ತ ಶುರು ಮಾಡಿದವನು ನಾನು. ಇವತ್ತು ಸ್ವಂತ ಅಂಗಡಿಯಿದೆ, ಗಾಜಿನ ಬಾಗಿಲಿದೆ. ಇದಕ್ಕೆಲ್ಲ ಒಂದೇ ಗುಟ್ಟು: ತೂಕದಲ್ಲಿ ಒಂದು ಕಾಳು ಕಡಿಮೆ ಇಲ್ಲ, ಒಂದು ಕಾಳು ಜಾಸ್ತಿಯೂ ಇಲ್ಲ. ತೂಗಿದ ಮೇಲೆ ಹೆಂಗಸರು "ಸ್ವಲ್ಪ ಕೊಸರು ಹಾಕ್ರಿ" ಎಂದು ಸೆರಗು ಒಡ್ಡುತ್ತಾರಲ್ಲ, ಆ ಒಂದು ಹಿಡಿ ಕೊಸರನ್ನು ನಾನು ಹುಟ್ಟಿದ ಮೇಲೆ ಯಾರಿಗೂ ಹಾಕಿಲ್ಲ. ನೀವೂ ಹಾಕಬೇಡಿ. ಒಮ್ಮೆ ಹಾಕಿದರೆ ಅದೇ ಹಕ್ಕಾಗುತ್ತದೆ.

"ಹದಿನಾರು ಕಿಲೋ ಬ್ಯಾಳಿ ಚೀಲ ಕಟ್ಟು, ಸಾವ್ಕಾರ" ಅಂದರು ಭಾವ.

"ಮನ್ಯಾಗ ಏನು ಕಾರ್ಯ ಅದ, ಮಾಮಾ?"

"ತಿನ್ಲಾಕ ಅಲ್ಲ, ಹೊರ್ಲಾಕ. ಮೊಮ್ಮಗಳು ಬರಾಬರಿ ಹದಿನಾರು ಅದಾಳ."

ಅವರ ಸಿದ್ಧಾಂತ ಇದು. ಮಕ್ಕಳನ್ನು ಕರೆದುಕೊಂಡು ಹೋಗುವ ದಾರಿಯನ್ನು ದೊಡ್ಡವರ ಕಾಲಿನಿಂದ ಅಳೆಯಬಾರದು. ಯಾವ ಮಗುವೇ ಆಗಲಿ, ಹೋಗುವಾಗ ಓಡುತ್ತದೆ, ಬರುವಾಗ ಹೆಗಲೇರುತ್ತದೆ. ಆದ್ದರಿಂದ ಹೊತ್ತುಕೊಂಡು ನಡೆಯಲಾಗದ ದಾರಿ ಮಕ್ಕಳ ದಾರಿಯೇ ಅಲ್ಲ. ಯೋಚಿಸಿ ನೋಡಿ, ತಪ್ಪು ಹಿಡಿಯಲು ನನಗೂ ಆಗಲಿಲ್ಲ. ಮೊಮ್ಮಗಳಿಗಾಗಿ ಎಂದು ನೇರವಾಗಿ ಹೇಳದೆ ಎಲ್ಲ ಮಕ್ಕಳಿಗಾಗಿ ಎಂದು ಕಾಲೊನಿಯಲ್ಲೆಲ್ಲ ಸಾರಿದ್ದೇಕೆ ಎಂದೂ ಕೇಳಿದೆ.

"ಆಕೀ ಒಬ್ಬಾಕಿ ಸಲುವಾಗಿ ಅಂದ್ರ ಆಕೀಗಿ ಅದೇ ಭಾರ ಆಗ್ತದ. ಎಲ್ಲಾ ಹುಡುಗುರ ಸಲುವಾಗಿ ಅಂದ್ರ ಆಕೀನೂ ಅದ್ರಾಗ ಒಬ್ಬಾಕಿ."

ಹೀಗೆ ಭಾನುವಾರಗಳು ಶುರುವಾದವು. ಕುಸನೂರಿನ ಆಚೆ, ಊರು ಇನ್ನೂ ನುಂಗದೆ ಬಿಟ್ಟಿರುವ ಹೊಲಗಳ ನಡುವಿನ ದಾರಿಯೊಂದನ್ನು ಮೊದಲು ಪರೀಕ್ಷಿಸಿದರು. ನಾನೂ ಜೊತೆಗಿದ್ದೆ. ಹೆಗಲ ಮೇಲೆ ಬೇಳೆ ಚೀಲ. ನೂರು ಹೆಜ್ಜೆಗೊಮ್ಮೆ ಚೀಲದ ಸಮೇತ ಕುಕ್ಕರುಗಾಲಿನಲ್ಲಿ ಕೂರುವುದು, ಸುತ್ತ ನೋಡುವುದು, ಮುಖ ಕಿವಿಚುವುದು, ಏಳುವುದು. ಮಗುವಿನ ಎತ್ತರದಿಂದ ಏನು ಕಾಣುತ್ತದೆ ಎಂಬ ಪರೀಕ್ಷೆ ಅದು. ಕುರಿ ಕಾಯುವವನೊಬ್ಬ ಬಹಳ ಹೊತ್ತು ನೋಡುತ್ತಿದ್ದು ಹತ್ತಿರ ಬಂದ.

"ಹೊಟ್ಟಿ ಕೆಟ್ಟದೇನ್ರಿ, ಯಜಮಾನ್ರ? ಜರಾ ಮುಂದ ಹಳ್ಳ ಅದ, ನೀರೂ ಅದ."

ಭಾವ ಕುಳಿತಲ್ಲಿಂದಲೇ ನೋಟುಬುಕ್ಕು ತೆಗೆದು ಬರೆದರು: ನೆರಳಿಲ್ಲ. ಕಾಣುವುದು ಜೋಳದ ದಂಟು ಮಾತ್ರ. ಜನ ಒಳ್ಳೆಯವರು.

ಆ ನೋಟುಬುಕ್ಕು ಕಾಲೊನಿಯಲ್ಲಿ ಕೈಯಿಂದ ಕೈಗೆ ಓಡಾಡತೊಡಗಿತು. ಪಕ್ಕದ ಮನೆಯ ದರ್ಜಿ ಚಾಚಾ ಅದರಲ್ಲಿ ಪಾಸಾಗಿದ್ದ ಒಂದು ಕೆರೆ ದಂಡೆಯ ದಾರಿಗೆ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಹೋದವರು ಕತ್ತಲಾಗುವ ಹೊತ್ತಿಗೆ ತಿರುಗಿ ಬಂದು ದೂರು ಹೇಳಿದರು. "ಜಗಾ ಅಚ್ಛೀಚ್ ಹೈ ಸಾಬ್, ಮಗರ್ ಬಚ್ಚೇ ವಾಪಸ್ ಆನೇಕು ನಕ್ಕೋ ಬೋಲೇ." ಜಾಗವೇನೋ ಚೆನ್ನಾಗಿದೆ, ಮಕ್ಕಳು ಮನೆಗೆ ಬರಲು ಒಪ್ಪಲಿಲ್ಲವಂತೆ. ಭಾವ ಅದನ್ನೂ ದಾರಿಯ ದೋಷದ ಕಲಮಿನಲ್ಲಿ ಬರೆದುಕೊಂಡರು.

ಆದರೆ ಯಾವ ದಾರಿಯೂ ಮೊಮ್ಮಗಳ ಪ್ರಶ್ನೆಗೆ ಉತ್ತರವಾಗಲಿಲ್ಲ. ಅವಳಿಗೆ ಬೇಕಾದದ್ದು ಗುಡ್ಡ. ಕೊನೆಗೆ ಕಮಲಾಪುರದ ಹಾದಿ ಹಿಡಿದೆವು.

ಬಸ್ಸಿನಲ್ಲಿ ಚೀಲವನ್ನು ಭಾವ ಕಿಟಕಿ ಪಕ್ಕ ಕೂರಿಸಿದರು. ಕಂಡಕ್ಟರ್ ಬಂದು ಲಗೇಜ್ ಚೀಟಿ ಹರಿಯಲು ಹೊರಟ.

"ಲಗೇಜ್ ಅಲ್ರಿ. ಹಾಫ್ ಟಿಕೇಟ್ ಕೊಡ್ರಿ, ಇದು ಏಳು ವರ್ಷದ್ದು" ಅಂದರು ಭಾವ.

ಕಂಡಕ್ಟರ್ ನನ್ನ ಮುಖ ನೋಡಿದ. ಈ ಜಗತ್ತಿನಲ್ಲಿ ಬಾಯಿಬಿಡದೆ ದುಡ್ಡು ಬಿಚ್ಚುವವನನ್ನು ದೇವರೂ ಮೆಚ್ಚುವುದಿಲ್ಲ. ನಾನು ಹೇಳಿದೆ: "ಅವರಿಗಿ ನೆನಪಿಲ್ರಿ. ಐದೂವರಿ ವರ್ಷದ್ದು ಅದು. ಟಿಕೇಟ್ ಬರೂದಿಲ್ಲ."

ಅವನು ಇಬ್ಬರನ್ನೂ ಬಿಟ್ಟು ಚೀಲದ ಕಡೆ ನೋಡಿ, "ಮೂರೂ ಮಂದ್ಯಾಗ ಶಾಣ್ಯಾ ಇದೇ ಅದ ನೋಡ್ರಿ" ಎಂದು ಮುಂದೆ ಹೋದ.

ಕಮಲಾಪುರಕ್ಕೆ ಹೋದರೆ ಕೆಂಪು ಬಾಳೆಹಣ್ಣು ಕೊಳ್ಳದೆ ಬರಬೇಡಿ, ಮೊದಲು ಸಿಕ್ಕವನ ಹತ್ತಿರ ಮಾತ್ರ ಕೊಳ್ಳಬೇಡಿ. ಬಾಳೆ ತೋಟಗಳ ಹಿಂದೆ ಕೆಂಪು ಮಣ್ಣಿನ ಒಂದು ಗುಡ್ಡ ಇತ್ತು. ಎತ್ತರದಲ್ಲಿ ಅಂಥದ್ದೇನಿಲ್ಲ, ಆದರೆ ಗುಡ್ಡ ಎಂದು ಕರೆದರೆ ಅದಕ್ಕೆ ನಾಚಿಕೆಯಾಗುವಷ್ಟು ಸಣ್ಣದೂ ಅಲ್ಲ. ಬುಡದವರೆಗೆ ಆಟೋ ಹೋಗುತ್ತದೆ. ನೆರಳಿದೆ. ಅರ್ಧ ದಾರಿಯಲ್ಲಿ ಬೇವಿನ ಮರ, ಆಮೇಲೆ ಕೂರಲು ಚಪ್ಪಟೆ ಬಂಡೆ. ಎಲ್ಲದರಲ್ಲೂ ಪಾಸು. ಫೇಲಾದವರು ಭಾವ. ಹತ್ತುವಷ್ಟರಲ್ಲಿ ನಾಲ್ಕು ಸಲ ಕುಳಿತರು.

"ಕುಂತ್ರ ಏನಾತು ಮಾಮಾ? ಯಾರು ಬೆನ್ನ ಹತ್ಯಾರ?"

"ಎರಡು ಸಲ ಕುಂದ್ರಬಹುದು. ಒಮ್ಮಿ ನೀರು ಕುಡೀಲಾಕ, ಒಮ್ಮಿ ಬಾಳಿಹಣ್ಣು ತಿನ್ಲಾಕ. ಮೂರನೇ ಸಲಕ್ಕ ಏನು ನೆವ ಹೇಳ್ಲಿ? ಹುಡುಗಿ ಶಾಣ್ಯಾ ಅದಾಳ. ಅಜ್ಜಗ ನಾ ಭಾರ ಆದೆ ಅಂತ ತಿಳಕೋತಾಳ."

ನಾನು ವ್ಯಾಪಾರಿ, ಬೇರೆ ದಾರಿ ತೋರಿಸಿದೆ. ಸರದಿಯ ಮೇಲೆ ಹೊರೋಣ, ಅರ್ಧ ನೀವು, ಅರ್ಧ ನಾನು.

"ಒಬ್ಬರ ಕೈಯಿಂದ ಒಬ್ಬರ ಕೈಗಿ ದಾಟಸ್ಲಾಕ ಆಕೀ ಏನು ಚೀಲೇನು, ಸಾವ್ಕಾರ?"

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಅದೇ ಗುಡ್ಡ. ನಾಲ್ಕು ಸಲ ಕೂರುವುದು ಮೂರಕ್ಕಿಳಿಯಿತು. ಅಷ್ಟರಲ್ಲಿ ಅಕ್ಕ ಹುಡುಗಿಯನ್ನು ತೂಗಿಸಿಕೊಂಡು ಬಂದಳು: ಹದಿನೇಳು. ಚೀಲಕ್ಕೆ ಒಂದು ಕಿಲೋ ಸುರಿದೆ, ಮೂರು ಮತ್ತೆ ನಾಲ್ಕಾಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ತೂಕ ಹದಿನೆಂಟು, ಭಾವನ ವಯಸ್ಸು ಅರವತ್ತನಾಲ್ಕು. ಎರಡೂ ಒಂದೇ ದಿಕ್ಕಿಗೆ ಓಡುತ್ತಿದ್ದವು. ಎಲ್ಲಿ ಬೇಕಾದರೂ ಚೌಕಾಸಿ ಮಾಡುವ ನನಗೆ ಇಲ್ಲಿ ಯಾರ ಜೊತೆ ಮಾಡುವುದೆಂದು ತಿಳಿಯಲಿಲ್ಲ. ಮುಂದಿನ ವರ್ಷಕ್ಕೆ ತಳ್ಳಿದರೆ ಆ ಚಿತ್ರ ಬರೆಯುವುದು ಆಗುವ ಮಾತಲ್ಲ ಎಂದು ಮಾತ್ರ ಇಬ್ಬರಿಗೂ ಗೊತ್ತಿತ್ತು.

ಆಗ ನಾನು ಒಂದು ಕೆಲಸ ಮಾಡಿದೆ. ಹದಿನೆಂಟು ಕಿಲೋ ಎಂದು ಹೇಳಿ ಹದಿನಾರು ತುಂಬಿದೆ. ಸುತಲಿ ದಾರದಿಂದ ಬಾಯಿ ಹೊಲಿದು ಕೊಟ್ಟೆ. ತೂಕದಲ್ಲಿ ನಾನು ಮಾಡಿದ ಮೊದಲ ಮೋಸ ಅದು. ಅದೂ ಒಂದು ಪೈಸೆ ಲಾಭವಿಲ್ಲದ ಮೋಸ!

ಆ ಭಾನುವಾರ ಭಾವ ಒಬ್ಬರೇ ಹೋಗಿದ್ದರು. ಸೋಮವಾರ ಬಂದು ಕಟ್ಟೆಯ ಮೇಲೆ ಕುಳಿತು ಮೀಸೆ ಒರೆಸಿಕೊಂಡರು. "ಎರಡೇ ಸಲ ಕುಂತೆ, ಸಾವ್ಕಾರ. ಬರೂ ಐತವಾರ ಕರಕೊಂಡು ಹೋಗೂದು."

ಚೀಲ ಸುಳ್ಳು ಹೇಳಬಹುದು, ಹುಡುಗಿಯ ತೂಕ ಹೇಳುವುದಿಲ್ಲವಲ್ಲ. ಮಾಡಿದ್ದನ್ನು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ, ಆದ್ದರಿಂದ ಒಂದು ಉಪಾಯ ಹೂಡಿದೆ. ನಾನೂ ಜೊತೆಗೆ ಹೋಗುವುದು. ಭಾವ ಮೂರನೆಯ ಸಲ ಕೂರುವ ಲಕ್ಷಣ ಕಂಡ ಕೂಡಲೇ ನನ್ನ ಕಾಲು ಉಳುಕುವುದು. ಎಲ್ಲರೂ ನನಗಾಗಿ ನಿಲ್ಲುತ್ತಾರೆ, ಹುಡುಗಿಗೆ ಅನುಮಾನ ಬರುವುದಿಲ್ಲ. ಗೋದಾಮಿನಲ್ಲಿ ಎರಡು ದಿನ ಕುಂಟುವುದನ್ನು ರೂಢಿಸಿಕೊಂಡೆ.

ಭಾನುವಾರ ಬೆಳಿಗ್ಗೆ ಅವಳು ಅಜ್ಜನ ಹೆಗಲೇರಿದಳು, ಕೊರಳಲ್ಲಿ ಕಾಗದ ಪೆನ್ಸಿಲಿನ ಚೀಲ. ಬೇವಿನ ಮರದಡಿ ನೀರು ಕುಡಿದದ್ದು ಒಂದು. ಬಂಡೆಯ ಮೇಲೆ ಬಾಳೆಹಣ್ಣು ತಿಂದದ್ದು ಎರಡು. ಅಲ್ಲಿಂದ ಮೇಲಿನ ಏರು ಕಡಿದು. ಭಾವನ ಉಸಿರು ಹತ್ತು ಹೆಜ್ಜೆ ಹಿಂದಿದ್ದ ನನಗೂ ಕೇಳಿಸುತ್ತಿತ್ತು. ಇನ್ನು ತಡ ಮಾಡಬಾರದು ಎಂದು ನಾನು "ಅಯ್ಯಯ್ಯೋ, ಕಾಲು" ಎನ್ನುತ್ತ ಕುಸಿದೆ.

ಭಾವ ನಿಲ್ಲಲಿಲ್ಲ. ತಿರುಗಿಯೂ ನೋಡಲಿಲ್ಲ. ತಿರುಗಿ ನೋಡಿದವಳು ಹೆಗಲ ಮೇಲಿನ ಸವಾರಿ.

"ಅಂಗಡಿ ಅಜ್ಜಾ, ಈಗ ನಿಮ್ಮನ್ನ ಯಾರು ಹೊರ್ತಾರ?"

ನಾನು ಮಣ್ಣು ಕೊಡವಿಕೊಂಡು ಮೇಲೆ ತಲುಪುವಷ್ಟರಲ್ಲಿ ಅವರಿಬ್ಬರೂ ತುದಿಯಲ್ಲಿದ್ದರು. ಭಾವ ಇನ್ನೂ ನಿಂತೇ ಇದ್ದರು, ಅವಳು ಇನ್ನೂ ಹೆಗಲ ಮೇಲೇ ಇದ್ದಳು. ಸುತ್ತ ಕೆಂಪು ನೆಲ, ಬಾಳೆಯ ಸಾಲು, ದೂರದಲ್ಲಿ ತೊಗರಿ ಹೊಲ. ಹುಡುಗಿ ಅತ್ತ ಇತ್ತ ನೋಡಿ ತೀರ್ಪು ಕೊಟ್ಟಳು.

"ಇಲ್ಲಿಂದ ನೋಡಿದ್ರ ಗುಡ್ಡ ಕಾಣೂದೇ ಇಲ್ಲಲ್ಲ, ಅಜ್ಜಾ."

ಆದರೂ ಹೆಗಲ ಮೇಲೇ ಕುಳಿತು ಚಿತ್ರ ಬರೆದಳು. ಕಾಗದದ ಕೆಳತುದಿಯಲ್ಲಿ ದೊಡ್ಡದೊಂದು ಬೋಳು ತಲೆ, ಅದರಾಚೆ ಕೆಂಪು ನೆಲ. ಮೇಲಿನಿಂದ ಕಾಣುವುದು ಅದೇ ತಾನೆ.

ಸೋಮವಾರ ಭಾವ ಚೀಲ ತಂದು ಕಟ್ಟೆಯ ಮೇಲಿಟ್ಟರು. "ಇದರ ಕೆಲಸ ಮುಗೀತು. ನಿನ್ನ ಬ್ಯಾಳಿ ನೀ ತಗೋ" ಎಂದು ಚಹಾ ಕೂಡ ಕುಡಿಯದೆ ಹೋದರು. ನೋಡಿದರೆ ಚೀಲದ ಬಾಯಿಯಲ್ಲಿ ನನ್ನ ಸುತಲಿ ಇರಲಿಲ್ಲ. ಯಾರೋ ಬಿಚ್ಚಿ, ಅಕ್ಕನ ಹೊಲಿಗೆ ಡಬ್ಬಿಯ ನೀಲಿ ದಾರದಿಂದ ವಕ್ರವಕ್ರವಾಗಿ ಮತ್ತೆ ಹೊಲಿದಿದ್ದರು. ಕತ್ತರಿಸಿ ಬೇಳೆ ಸುರಿದೆ. ನಡುವೆ ಹಳೆಯ ಟವೆಲ್ಲಿನ ತುಂಡಿನಲ್ಲಿ ಸುತ್ತಿದ ಒಂದು ಕೆಂಪು ಕಲ್ಲು ಉರುಳಿ ಬಿತ್ತು.

ದಿನಾ ಮೆಟ್ಟಿಲು ಹತ್ತಿಸುವ ಹೆಗಲಿಗೆ ಹುಡುಗಿಯ ತೂಕ ಗೊತ್ತಿರುವುದಿಲ್ಲವೇ? ಅಷ್ಟು ನನಗೆ ಹೊಳೆಯದೆ ಹೋಯಿತು. ಕಲ್ಲನ್ನು ಕಾಂಟಾದ ಮೇಲಿಟ್ಟೆ. ಎರಡು ಕಿಲೋ, ಅದರ ಮೇಲೆ ಇಷ್ಟೇ ಇಷ್ಟು ಕೊಸರು.

ನಾನು ಅದನ್ನೇ ನೋಡುತ್ತ ನಿಂತಿದ್ದಾಗ ವಾರದ ಗಿರಾಕಿ ಮುದುಕಿ ಬಂದಳು. ಅದೇ ರಾಶಿಯಿಂದ ಒಂದು ಕಿಲೋ ತೂಗಿದೆ. ಆಮೇಲೆ ಕೈ ತಾನಾಗಿ ಹೋಗಿ ಒಂದು ಹಿಡಿ ತಂದು ಅವಳ ಚೀಲಕ್ಕೆ ಹಾಕಿತು. ಅವಳು ಗಾಬರಿಯಾದಳು.

"ಯಾಕ್ರಿ ಸಾವ್ಕಾರ್ರ, ಬ್ಯಾಳಿಗಿ ಹುಳ ಹತ್ಯಾವೇನು?"

"ಇಲ್ಲವ್ವ," ಅಂದೆ, "ಗುಡ್ಡ ಹತ್ತಿ ಬಂದದ."