ನೇಮಿರಾಜನ ಟೊಮೆಟೊ ತ್ಯಾಗ

ತ್ಯಾಗ ಮಾಡುವುದರಲ್ಲಿ ನಮ್ಮ ನೇಮಿರಾಜನಷ್ಟು ಜಾಣ ಇಡೀ ಮೂಡಬಿದ್ರೆಯಲ್ಲಿ ಇನ್ನೊಬ್ಬನಿರಲಿಲ್ಲ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತೆಂದರೆ, ಬಸದಿಯಲ್ಲಿ ಒಬ್ಬೊಬ್ಬರೂ ಕೈಮುಗಿದು ನಿಂತು, ತಮಗೆ ಇಷ್ಟವಾದದ್ದೊಂದನ್ನು ಮುಂದಿನ ಪರ್ವದವರೆಗೆ ಬಿಡುತ್ತೇನೆಂದು ನಿಯಮ ತೆಗೆದುಕೊಳ್ಳುವುದು ಕ್ರಮ. ಒಬ್ಬರು ಬೆಲ್ಲ ಬಿಟ್ಟರು, ಇನ್ನೊಬ್ಬರು ತುಪ್ಪ ಬಿಟ್ಟರು. ನೇಮಿರಾಜನ ಹೆಂಡತಿ ಅನಂತಮತಿ ಒಂದು ವರ್ಷ ಕಾಫಿ ಬಿಟ್ಟು, ತಲೆನೋವಿನಲ್ಲಿ ಗೋಡೆಗೆ ಹಣೆ ಒತ್ತಿಕೊಂಡೇ ಅಡುಗೆ ಮಾಡಿದಳು, ಪಾಪ. ನೇಮಿರಾಜ ಏನು ಬಿಟ್ಟ? ಸೇಬು! (ಆ ಕಾಲದಲ್ಲಿ ಮೂಡಬಿದ್ರೆಯಲ್ಲಿ ಸೇಬು ಕಂಡವರು ಯಾರು? ಕಂಡಿದ್ದರೆ ಕ್ಯಾಲೆಂಡರಿನಲ್ಲಿ.) ಮರುವರ್ಷ ಬಾದಾಮಿ ಹಲ್ವ ಬಿಟ್ಟ. ಹಲಸಿನ ಹಣ್ಣನ್ನು ಮಾತ್ರ ಮುಟ್ಟಲಿಲ್ಲ. ಅಂದರೆ, ಬಿಡುವ ವಿಚಾರದಲ್ಲಿ. ತಿನ್ನುವ ವಿಚಾರದಲ್ಲಿ ಅವನು ಹಲಸಿನ ಹಣ್ಣಿನ ಮುಂದೆ ಕೂತರೆ ಮನೆಯ ದನಕ್ಕೆ ಸಿಪ್ಪೆ, ರೆಚ್ಚೆ ಮಾತ್ರ ಉಳಿಯುತ್ತಿತ್ತು.

ಅದರ ಮರುವರ್ಷ ಚಾತುರ್ಮಾಸ್ಯಕ್ಕೆ ವಯಸ್ಸಾದ ಮಾತಾಜಿಯೊಬ್ಬರು ಬಂದು ನಿಂತಿದ್ದರು. ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ, ಹಲ್ಲಿಲ್ಲದ ಬಾಯಿ ತುಂಬ ನಗು. ನೇಮಿರಾಜನ ಸರದಿ ಬಂತು. ಗಂಟಲು ಸರಿಮಾಡಿಕೊಂಡು, “ಟೊಮೆಟೊ” ಎಂದ.

“ಬಹಳ ಇಷ್ಟವೋ?” ಕೇಳಿದರು ಮಾತಾಜಿ.

“ಪ್ರಾಣ, ಮಾತಾಜಿ!”

ಹೆಂಗಸರ ಸಾಲಿನಲ್ಲಿ ಅನಂತಮತಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಏಕೆಂದರೆ ಪುಣ್ಯಾತ್ಮ ಹುಟ್ಟಿದಂದಿನಿಂದ ಟೊಮೆಟೊವನ್ನು ನಾಲಿಗೆಗೆ ತಾಗಿಸಿದವನಲ್ಲ. ಅವನ ತಾಯಿ, ತಿಗಣೆ ವಾಸನೆಯೆಂದು ಅದನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಮಾತಾಜಿ ಅವನನ್ನು ಒಂದು ಕ್ಷಣ ನೋಡಿ, ನಕ್ಕು, ಪಿಂಛಿ ಎತ್ತಿ ಹರಸಿದರು.

ಮನೆಗೆ ಬರುವ ದಾರಿಯಲ್ಲೇ ಶುರುವಾಯಿತು.

“ಪ್ರಾಣ ಅಂತೆ ಪ್ರಾಣ! ಮಾತಾಜಿ ಎದುರು ಸುಳ್ಳು ಹೇಳ್ಲಿಕ್ಕೆ ನಿಮಗೆ ನಾಚಿಕೆ ಆಗುದಿಲ್ವಾ ಮಾರಾಯ್ರೆ?”

“ಸುಳ್ಳು ಎಂಥದು? ತಿಂದಿದ್ದರೆ ಇಷ್ಟ ಆಗ್ತಿತ್ತೋ ಏನೋ. ಅದಕ್ಕಿಂತ ಮುಂಚೆಯೇ ಬಿಟ್ಟೆ. ಅದು ದೊಡ್ಡ ತ್ಯಾಗ ಅಲ್ವಾ?”

ಇಂಥ ಗಂಡನಿಗೆ ಏನು ಹೇಳುವುದು? ದೇವರು ಅನಂತಮತಿಗೊಬ್ಬ ತಮ್ಮನನ್ನು ಕೊಟ್ಟಿದ್ದನಲ್ಲ, ಅವನು ಸಾಕಾಯಿತು.

ತಮ್ಮ ಸಂಪತ್‌ಕುಮಾರ ಬೆಳ್ತಂಗಡಿ ಕಡೆ ಗ್ರಾಮಸೇವಕ. ಹೆಗಲ ಚೀಲದಲ್ಲಿ ಯಾವಾಗಲೂ ಯಾವುದಾದರೊಂದು ಬೀಜ. ದೀಪಾವಳಿಗೆ ಬಂದವನು ಒಂದು ಕಾಗದದ ಪೊಟ್ಟಣವನ್ನು ಅಕ್ಕನ ಕೈಗಿಟ್ಟು, “ಭಾವ, ಇದು ಹೊಸತು. ಗಿಡ್ಡ ಜಾತಿ. ಮೊಣಕಾಲಿಗಿಂತ ಎತ್ತರ ಹೋಗುದಿಲ್ಲ. ಊರುಗೋಲು ಬೇಡ, ಚಪ್ಪರ ಬೇಡ, ಅಂಗಳವೂ ಬೇಡ. ಒಂದು ಚಿಮಿಣಿ ಎಣ್ಣೆ ಡಬ್ಬ ಇದ್ದರೆ ಆಯ್ತು” ಎಂದ.

“ಎಂಥದರ ಬೀಜ?”

“ಟೊಮೆಟೊ.”

ಅಕ್ಕ ತಮ್ಮನನ್ನು ನೋಡಿದಳು. ತಮ್ಮ ಅಕ್ಕನನ್ನು ನೋಡಿದ. ನೇಮಿರಾಜ ಮಾಡಿನ ಹಂಚು ನೋಡಿದ.

ಹಾಗೆ ಜಗಲಿಯ ಕೆಳಗೆ ಎಂಟು ಡಬ್ಬಗಳು ಅಷ್ಟದಿಕ್ಪಾಲಕರಂತೆ ಬಂದು ನಿಂತವು. ಮೊದಮೊದಲು ನೇಮಿರಾಜ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಅವನ ಪಾತ್ರೆ ಅಂಗಡಿಯಲ್ಲಿ ಮದುವೆ ಕಾಲ ಬಿಟ್ಟರೆ ಗಿರಾಕಿ ಕಡಿಮೆ. ಮನುಷ್ಯ ಎಷ್ಟು ಹೊತ್ತು ತಾಮ್ರದ ಹಂಡೆಯಲ್ಲಿ ತನ್ನದೇ ಮುಖ ನೋಡಿಕೊಂಡು ಕೂರುವುದು? ಬೇಗ ಮನೆಗೆ ಬರುತ್ತಿದ್ದ. ಗಿಡಗಳನ್ನು ನೋಡಿದ. ಗಿಡ್ಡವಾದರೂ ಗಟ್ಟಿ, ಗುಂಡಗೆ, ಯಾರ ಆಸರೆಯೂ ಇಲ್ಲದೆ ಎದೆ ಸೆಟೆಸಿ ನಿಂತಿದ್ದವು. ಶಾಲೆಯಲ್ಲಿ ಫೋಟೋ ತೆಗೆಯುವಾಗ ಯಾವಾಗಲೂ ಮುಂದಿನ ಸಾಲಿನಲ್ಲಿ ನೆಲಕ್ಕೆ ಕೂರಿಸಲ್ಪಟ್ಟಿದ್ದ ನೇಮಿರಾಜನಿಗೆ ಅವುಗಳ ಮೇಲೆ ಒಂದು ಬಂಧುತ್ವ ಹುಟ್ಟಿತು. ಹುಳ ಹೆಕ್ಕಿದ. ಬೂದಿ ಹಾಕಿದ. ಕೊನೆಗೆ ಹೆಂಡತಿ ನೀರು ಹಾಕಲು ಬಂದರೆ, “ನೀನು ಬೇಡ, ನಿನ್ನ ಕೈ ಭಾರ” ಎಂದು ಚೊಂಬು ಕಸಿದುಕೊಂಡ.

ಈ ಜಾತಿಯ ಸ್ವಭಾವವೇನೆಂದರೆ, ಕಾಯಿ ಇವತ್ತೊಂದು ನಾಳೆಯೊಂದು ಅಲ್ಲ, ಎಲ್ಲ ಒಟ್ಟಿಗೆ ಹಣ್ಣಾಗುವುದು. ಮಕರ ಸಂಕ್ರಮಣ ಕಳೆಯುವಾಗ ಎಂಟು ಡಬ್ಬಗಳೂ ಕೆಂಪು ಕೆಂಪು! ಅನಂತಮತಿ ಬುಟ್ಟಿ ತುಂಬ ಕೊಯ್ದಳು. ಜೀರಿಗೆ, ಇಂಗು, ತುಪ್ಪದ ಒಗ್ಗರಣೆ ಹಾಕಿ ಸಾರು ಮಾಡಿದಳು. ಆ ಪರಿಮಳ ಅಡುಗೆಮನೆಯಿಂದ ಹೊರಟು, ನಡುಕೋಣೆ ದಾಟಿ, ಜಗಲಿಯಲ್ಲಿ ಕುಳಿತಿದ್ದ ನೇಮಿರಾಜನ ಮೂಗನ್ನು ಹಿಡಿದು ಎಬ್ಬಿಸಿ ಊಟಕ್ಕೆ ಕರೆದುಕೊಂಡು ಬಂತು.

ಅವನ ಬಾಳೆಲೆಗೆ ಮಾತ್ರ ಪುನರ್ಪುಳಿ ಹಣ್ಣಿನ ಸಾರು ಬಿತ್ತು.

“ಇದೆಂಥ ತಿಗಣೆ ವಾಸನೆಯೇ ಇಲ್ವಲ್ಲ?” ಎಂದ, ಮೆಲ್ಲಗೆ.

“ಪ್ರಾಣ ಬಿಟ್ಟವರು ವಾಸನೆ ವಿಚಾರ ಯಾಕೆ ಮಾತಾಡುದು?” ಎಂದು ಅನಂತಮತಿ ಬೆರಳು ನೆಕ್ಕಿದಳು. ಒಂದು ಬೆರಳಲ್ಲ, ಐದೂ.

ಮರುದಿನ ದೋಸೆಗೆ ಟೊಮೆಟೊ ಗೊಜ್ಜು. ಅದರ ಮರುದಿನ ತೊವ್ವೆಗೂ ಅದೇ. ಸುಳ್ಳು ಹೇಳಿ ತೆಗೆದುಕೊಂಡ ನಿಯಮ ಅಷ್ಟರಲ್ಲಿ ಅಪ್ಪಟ ನಿಜವಾಗಿ ಹೋಗಿತ್ತು. ಟೊಮೆಟೊ ಈಗ ಅವನಿಗೆ ನಿಜಕ್ಕೂ ಪ್ರಾಣ, ರುಚಿ ನೋಡದೆಯೇ. ಕದ್ದು ತಿನ್ನಬಹುದಿತ್ತಲ್ಲ ಎನ್ನುತ್ತೀರಾ? ಛೇ! ನೇಮಿರಾಜ ಸುಲಭದ ನಿಯಮ ಹಿಡಿಯುತ್ತಿದ್ದ, ನಿಜ, ಹಿಡಿದದ್ದನ್ನು ಮುರಿದವನಲ್ಲ.

ಆದರೆ ಅವಧಿ ಮುಗಿಯುವುದು ಭಾದ್ರಪದದಲ್ಲಿ, ಮಳೆ ಇನ್ನೂ ಹೋಗಿರದ ತಿಂಗಳು. ನಮ್ಮ ಮಳೆಗೆ ಟೊಮೆಟೊ ನಿಲ್ಲುವುದುಂಟೇ? ಯೋಚಿಸಿ ಯೋಚಿಸಿ ಒಂದು ದಿನ ನೇಮಿರಾಜ ತೊಡೆ ತಟ್ಟಿದ. ಗಿಡ ಗಿಡ್ಡ! ಡಬ್ಬದಲ್ಲಿದೆ! ಮಳೆ ಬಂದರೆ ಒಳಗೆ, ಬಿಸಿಲು ಬಂದರೆ ಹೊರಗೆ!

ಉಳಿದ ನಾಲ್ಕು ಬೀಜ ನಾಲ್ಕು ಡಬ್ಬಕ್ಕೆ ಹಾಕಿದ. ಆ ಆಷಾಢದಲ್ಲಿ, ಶ್ರಾವಣದಲ್ಲಿ ಜನ ಕಂಡ ದೃಶ್ಯವನ್ನು ಏನೆಂದು ಹೇಳಲಿ! ಮೋಡ ತೆರೆದರೆ ನೇಮಿರಾಜ ಡಬ್ಬ ಹೊತ್ತು ಅಂಗಳಕ್ಕೆ ಓಡುವುದು. ಹನಿ ಬಿದ್ದರೆ ಡಬ್ಬ ಹೊತ್ತು ಜಗಲಿಗೆ ಓಡುವುದು. ಅಂಗಡಿಯಲ್ಲಿ ಗಿರಾಕಿ ಕೊಡಪಾನ ಬಡಿದು ನೋಡುತ್ತಿದ್ದಾಗ ಗುಡುಗಿದರೆ, “ಈಗ ಬಂದೆ” ಎಂದು ಮನೆಗೆ ಓಡುವುದು. ಮಳೆಗೆ ಬೆನ್ನ ಮೇಲೆ ಓಲೆಯ ಗೊರಬು ಹೊದ್ದು ಗದ್ದೆ ಕೆಲಸಕ್ಕೆ ಹೋಗುವ ಪೂವಮ್ಮ ಒಂದು ದಿನ ನಿಂತು ನೋಡಿದಳು.

“ಧನಿಗಳೇ, ಹಸಿಕೂಸನ್ನಾದರೂ ಇಷ್ಟು ಸಲ ಒಳಗೆ ಹೊರಗೆ ಮಾಡುದಿಲ್ಲ.”

“ಪೂವಮ್ಮ, ನಿನ್ನ ಓಲೆಯ ಗೊರಬು ಒಂದು ಹಳತು ಇದ್ದರೆ ಕೊಡು. ಗಿಡಕ್ಕೆ ಮುಚ್ಚುವ.”

“ಹಣ್ಣು ನಿಮಗೆ ಅಷ್ಟು ಇಷ್ಟವಾ?”

“ನಾನು ತಿನ್ನುದಿಲ್ಲ” ಎಂದ ನೇಮಿರಾಜ, ಗಂಭೀರವಾಗಿ. ‘ಈಗ’ ಎಂಬ ಮಾತನ್ನು ನುಂಗಿಕೊಂಡ. ಪೂವಮ್ಮ ಮೂಗಿನ ಮೇಲೆ ಬೆರಳಿಟ್ಟಳು. ತಿನ್ನದವನು ಇಷ್ಟು ಆರೈಕೆ ಮಾಡುವುದೆಂದರೆ! ಸಂಜೆಯೊಳಗೆ ಈ ಸುದ್ದಿ ಪೇಟೆಗೆ ಒಂದು ಸುತ್ತು ಹಾಕಿತು.

ಇಷ್ಟೆಲ್ಲ ಮಾಡಿಯೂ ಒಂದು ಗಿಡದ ಬೇರು ಕೊಳೆಯಿತು, ಒಂದರ ಹೂ ಉದುರಿತು, ಒಂದನ್ನು ಬಸವನಹುಳ ತಿಂದಿತು. ಕೊನೆಗೆ ಉಳಿದದ್ದು ಒಂದೇ ಗಿಡ, ಅದರಲ್ಲಿ ಒಂದೇ ಹಣ್ಣು. ಆದರೆ ಎಂಥ ಹಣ್ಣು! ಪರ್ವ ಮುಗಿಯುವ ಹೊತ್ತಿಗೆ ಕುಂಕುಮದ ಭರಣಿಯ ಹಾಗೆ ತೂಗುತ್ತಿತ್ತು.

“ನಿಯಮ ಯಾರ ಎದುರು ತೆಗೊಂಡದ್ದೋ ಅವರ ಎದುರೇ ಒಪ್ಪಿಸಬೇಕು. ಮಾತಾಜಿ ಈ ಸಲ ವೇಣೂರಲ್ಲಿ ಇದ್ದಾರೆ. ಹೋಗುವ” ಎಂದಳು ಅನಂತಮತಿ.

ನೇಮಿರಾಜ ಒಪ್ಪಿದ. ನಿಯಮ ಮುಗಿದ ಕ್ಷಣವೇ ತಿನ್ನಬೇಕು, ಕೊಯ್ದರೆ ಬಾಡುತ್ತದೆ, ಆದ್ದರಿಂದ ಡಬ್ಬ ಸಮೇತ ಗಿಡವನ್ನೇ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಜೇಬಿನಲ್ಲಿ ಉಪ್ಪು, ಕಾಳುಮೆಣಸಿನ ಪುಡಿಯ ಪೊಟ್ಟಣ.

“ಇದಕ್ಕೆ ಟಿಕೇಟು?” ಎಂದ ಕಂಡಕ್ಟರ್.

“ಗಿಡ್ಡ ಜಾತಿ ಮಾರಾಯ, ಇದರಿಂದ ದೊಡ್ಡದಾಗುದಿಲ್ಲ.”

ಕಂಡಕ್ಟರ್ ಡಬ್ಬವನ್ನೂ ನೋಡಿದ, ನೇಮಿರಾಜನನ್ನೂ ನೋಡಿದ. ಯಾರ ವಿಚಾರ ಎಂದು ಕೇಳದೆ ಮುಂದೆ ಹೋದ.

ವೇಣೂರಿನ ಬಸದಿಯಲ್ಲಿ ಜನವೋ ಜನ. ಸಂಪತ್‌ಕುಮಾರ ಮೊದಲೇ ಬಂದು ಕೂತಿದ್ದ. ಮೂಡಬಿದ್ರೆಯ ಸುದ್ದಿ ಅವನಿಗಿಂತಲೂ ಮೊದಲೇ ಬಂದಿತ್ತು. ನೇಮಿರಾಜ ಡಬ್ಬವನ್ನು ಪಕ್ಕದಲ್ಲಿಟ್ಟು ಅಡ್ಡಬಿದ್ದ. ಮಾತಾಜಿಗೆ ಗುರುತಾಯಿತು.

“ಓ, ಟೊಮೆಟೊ ಪ್ರಾಣ ಎಂದವರಲ್ಲವೋ? ನಿಮ್ಮ ನಿಯಮ ಪೂರ್ಣವಾಯಿತು. ಇನ್ನು ಸುಖವಾಗಿ ತಿನ್ನಿ.”

ನೇಮಿರಾಜನ ಕೈ ಜೇಬಿನ ಉಪ್ಪಿನ ಪೊಟ್ಟಣದ ಕಡೆ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ವೇಣೂರಿನ ಹಿರಿಯರೊಬ್ಬರು ಎದ್ದು ನಿಂತರು.

“ಇವರೋ ಅವರು! ತನ್ನ ಕೈಯಿಂದ ಬೆಳೆಸಿ, ಮಳೆಯಲ್ಲಿ ಮಕ್ಕಳ ಹಾಗೆ ಹೊತ್ತು ಸಾಕಿ, ಒಂದು ಹಣ್ಣು ಬಾಯಿಗೆ ಹಾಕಲಿಲ್ಲ! ನಾವೆಲ್ಲ ಎಂಥದು ಬಿಟ್ಟದ್ದು ಮಾರಾಯ್ರೆ ಇವರ ಎದುರು?”

ಸಭೆಯೆಲ್ಲ ನೇಮಿರಾಜನಿಗೆ ಕೈಮುಗಿಯಿತು. ಅಯ್ಯೋ, ಅವನ ಜೀವಮಾನದಲ್ಲಿ ಯಾರಾದರೂ ಅವನಿಗೆ ಹೀಗೆ ಕೈಮುಗಿದದ್ದುಂಟೇ? ಎದೆ ಉಬ್ಬಿತು. ಗಿಡ್ಡ ಜಾತಿಯ ನೇಮಿರಾಜ ನಿಂತಲ್ಲೇ ಒಂದು ಗೇಣು ಬೆಳೆದ. ಆಗ ಒಂದು ಸ್ವರ ಕೇಳಿಸಿತು: “ಮಾತಾಜಿ, ಟೊಮೆಟೊ ನನಗೆ ಇನ್ನು ಆಜೀವ ತ್ಯಾಗ!”

ಯಾರಪ್ಪಾ ಈ ಮೂರ್ಖ ಎಂದು ತಿರುಗಿ ನೋಡಿದ. ಹಿಂದೆ ಎಲ್ಲರೂ ಇವನನ್ನೇ ನೋಡುತ್ತಿದ್ದರು. ಸ್ವರ ತನ್ನದೇ.

“ಯೋಚನೆ ಮಾಡಿ ಹೇಳಿದ್ದೋ?” ಎಂದರು ಮಾತಾಜಿ, ಅದೇ ಹಲ್ಲಿಲ್ಲದ ನಗುವಿನಲ್ಲಿ. ಆದರೆ ಅಷ್ಟು ಹೊತ್ತಿಗೆ ಜಯಕಾರ ಶುರುವಾಗಿತ್ತು. ಜಯಕಾರದ ನಡುವೆ ‘ಇಲ್ಲ’ ಎನ್ನುವ ಗಂಡಸು ಇನ್ನೂ ಹುಟ್ಟಬೇಕಷ್ಟೆ.

ಸಂಜೆ ಇಬ್ಬರೂ ವಾಪಸು ಬಸ್ಸು ಹತ್ತಿದರು. ಮಂಡಿಯ ಮೇಲೆ ಗಿಡ, ಗಿಡದಲ್ಲಿ ಹಣ್ಣು. ಪಡುವಣದಲ್ಲಿ ಸೂರ್ಯ ಅದಕ್ಕಿಂತ ಕೆಂಪಾಗಿ ಇಳಿಯುತ್ತಿದ್ದ.

“ಹೊತ್ತು ಮುಳುಗಿದರೆ ನಾನೂ ತಿನ್ಲಿಕ್ಕಿಲ್ಲ. ನಾಳೆಗೆ ಕೊಳೀತದೆ” ಎಂದಳು, ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕದ ಅನಂತಮತಿ. “ಆ ಉಪ್ಪು ಕೊಡಿ.”

ಕೊಟ್ಟ. ಅವಳು ಹಣ್ಣು ಕೊಯ್ದು, ಸೆರಗಿನಲ್ಲಿ ಒರಸಿ, ಕಚ್ಚಿದಳು. ರಸ ಮೊಣಕೈವರೆಗೆ ಇಳಿಯಿತು.

“ಹೇಗುಂಟು?”

“ಕೇಳಿದರೆ ನಿಯಮಕ್ಕೆ ಭಂಗ ಬರುದಿಲ್ವಾ?”

“ತಿನ್ನುದು ಬಿಟ್ಟದ್ದು. ಕೇಳುದನ್ನು ಬಿಡ್ಲಿಲ್ಲ ನಾನು.”

ಅನಂತಮತಿ ಕಣ್ಣು ಮುಚ್ಚಿ ಯೋಚಿಸಿದಳು. “ಮೊದಲು ಹುಳಿ. ಆಮೇಲೆ ಸಿಹಿ. ಮತ್ತೆ... ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ತಿಂದೇ ನೋಡಬೇಕು.”

ನೇಮಿರಾಜ ನಿಟ್ಟುಸಿರುಬಿಟ್ಟ. ಅಷ್ಟರಲ್ಲಿ ಒಂದು ಮಳೆ ಬಂತು, ಕಿಟಕಿಯ ಹರಿದ ಟಾರ್ಪಾಲಿನಿಂದ ಎರಚಲು ನುಗ್ಗಿತು. ಅವನು ಥಟ್ಟನೆ ತಲೆಯ ಮೇಲಿನ ಟೋಪಿ ತೆಗೆದು ಗಿಡದ ತಲೆಗೆ ಇಟ್ಟ. ಅಳತೆ ಸರಿಯಾಗಿತ್ತು. ನೀರು ಅವನ ಬೋಳು ನೆತ್ತಿಯಿಂದ ಮೂಗಿಗೆ ಇಳಿಯತೊಡಗಿತು.

“ಹಣ್ಣು ಹೋಯ್ತು. ಇನ್ನು ಯಾರಿಗೆ ಅಂತ ಈ ಉಪಚಾರ?” ಎಂದಳು ಅನಂತಮತಿ.

“ಸುಮ್ಮನಿರು” ಎಂದ ನೇಮಿರಾಜ. “ಮೇಲೆ ಒಂದು ಹೂ ಉಂಟು.”