ಉಪಗ್ರಹ ಸಿಗದ ಮಾವಿನ ಮರ

ಬನ್ನಿ, ಆ ಚಾಪೆ ಎಳಕೊಂಡು ಕೂತ್ಕೊಳ್ಳಿ. ನಿಂತುಕೊಂಡು ಕೇಳೋ ಕತೆ ಅಲ್ಲ ಇದು. ಫೋಟೋ ತೆಗೆಯೋರ ಮನೇಲಿ ಇಂಥವು ನಡೀತಾನೇ ಇರ್ತವೆ.

ನಮ್ಮ ಯಜಮಾನರು ಶ್ರೀನಿವಾಸಪುರದಲ್ಲಿ ಸ್ಟುಡಿಯೋ ಇಟ್ಟಿದ್ದರು. ಊರೋರ ಮದುವೆಗಳನ್ನೆಲ್ಲ ಹಿಡಿದ ಮನುಷ್ಯ ನನ್ನದು ಮಾತ್ರ ಒಂದೇ ಒಂದು ಫೋಟೋ ತೆಗೆದಿದ್ದು. ಮಾವಿನ ಮರದ ಕೆಳಗೆ ಕೂತು ನಾನು ನಗ್ತಾ ಇರೋದು. ಅವರು ಹೋದ ಮೇಲೆ ನನಗೆ ಉಳಿದಿದ್ದು ಒಂದೇ ಆಸೆ. ಆ ಮರ ಹುಡುಕಿ, ಅದರ ಕೆಳಗೆ ಸ್ವಲ್ಪ ಹೊತ್ತು ಕೂತು ಬರಬೇಕು. ಯಾವ ತೋಪು ಅಂತ ನನಗೆ ಗೊತ್ತಿಲ್ಲ. ವಯಸ್ಸಾದ ಮೇಲೆ ಒಂದು ಸಲ, ಯಲ್ದೂರು ಕಡೆ ಇರೋ ನನ್ನ ತವರಿಂದ ಸ್ಕೂಟರಲ್ಲಿ ಕರಕೊಂಡು ಬರ್ತಾ ನೆರಳಿಗೆ ಅಂತ ನಿಲ್ಲಿಸಿದ್ದರು. ಧೂಳಿಗೆ ಹೆದರಿ ದಾರಿ ಉದ್ದಕ್ಕೂ ಮುಖಕ್ಕೆ ಸೆರಗು ಹೊದ್ದಿದ್ದೆ. ಗೊತ್ತಿದ್ದರೆ ಅವರ ಕ್ಯಾಮೆರಾಗೇ ಗೊತ್ತಿರಬೇಕು. ಅದರಲ್ಲಿ ಜಿಪಿಎಸ್ಸು ಇತ್ತು. ಫೋಟೋ ಜೊತೆಗೆ ತೆಗೆದ ಜಾಗವನ್ನೂ ತಾನೇ ಗುರುತು ಹಾಕಿಕೊಳ್ಳುತ್ತೆ. ಆ ಗುರುತಿನಿಂದ ಆದ ಫಜೀತಿ ಒಂದೆರಡಲ್ಲ.

ಗ್ರಹ ಸಿಕ್ಕಿಲ್ಲ

ರಾಯಲ್ಪಾಡು ಕಡೆ ಒಂದು ಮದುವೆ, ಮನೆ ಮುಂದೇನೇ ಚಪ್ಪರ. ಹೊಸ ಕ್ಯಾಮೆರಾ ಬೇರೆ. ಅದಕ್ಕೆ ಮೇಲಿನ ಉಪಗ್ರಹ ಸಿಕ್ಕಿದರೇನೇ ಜಾಗ ಗೊತ್ತಾಗೋದು. ನಮ್ಮೋರು ಚಪ್ಪರದಿಂದ ಆಚೆ ಬಂದು, ಕ್ಯಾಮೆರಾನ ಆಕಾಶಕ್ಕೆ ಹಿಡಿದು ನಿಂತುಬಿಟ್ಟರು. ಹೆಣ್ಣಿನ ತಂದೆ ಬಂದು ಯಾಕೆ ಹಿಂಗೆ ನಿಂತಿದ್ದೀರಿ, ಮುಹೂರ್ತ ಆಯಿತು ಅಂದರು. ನಮ್ಮೋರು ಕಣ್ಣು ಕೆಳಗಿಳಿಸದೇನೇ, "ಸ್ವಲ್ಪ ಇರಿ, ಇನ್ನೂ ಗ್ರಹ ಸಿಕ್ಕಿಲ್ಲ" ಅಂದರು.

ಆ ಮನುಷ್ಯನ ಮುಖದಲ್ಲಿ ರಕ್ತ ಇಲ್ಲ. "ಏ ಗ್ರಹಂ ಸಾಮೀ? ಯಾವ ಗ್ರಹ, ಶನಿನಾ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಪುರೋಹಿತರ ಹತ್ತಿರ ಓಡಿದರು. ಪುರೋಹಿತರು ಪಂಚಾಂಗ ಹಿಡಕೊಂಡು ಹೊರಗೆ ಬಂದು ತಾವೂ ಮೇಲೆ ನೋಡಿದರು. ಅವರ ಹಿಂದೆ ಬೀಗರು, ಓಲಗದೋರು, ಅಡುಗೆಯೋರು, ಎಲ್ಲಾರ ಕತ್ತೂ ಮೇಲಕ್ಕೆ. ಒಳಗೆ ಗಂಡು ತಾಳಿ ಹಿಡಕೊಂಡು ಒಬ್ಬನೇ ಕೂತಿದ್ದಾನೆ. ಅಷ್ಟರಲ್ಲಿ ನಮ್ಮೋರು "ಸಿಕ್ತು, ಸಿಕ್ತು" ಅಂದಿದ್ದೇ ತಡ, ಓಲಗದೋರು ಗಟ್ಟಿಮೇಳ ಊದಿಯೇಬಿಟ್ಟರು.

ಊಟ ಆದ ಮೇಲೆ ಪುರೋಹಿತರು ನಮ್ಮೋರನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರಂತೆ: "ಆ ಪೆಟ್ಟಿಗೇಲಿ ರಾಹುಕಾಲಾನೂ ಗೊತ್ತಾಗುತ್ತೇನ್ರೀ?"

ಜಾಗ ಸರಿಯಾಗೇ ಇದೆ

ಇನ್ನೊಂದು ದಿನ ಮಾಲೂರಲ್ಲಿ ಬೆಳಿಗ್ಗೆ ಒಬ್ಬ ಹಿರಿಯರನ್ನ ಮಣ್ಣು ಮಾಡೋದಿತ್ತು. ಅದರ ಫೋಟೋ ತೆಗೆದು, ಸ್ನಾನ ಮಾಡಿ, ಸಂಜೆ ಕೋಲಾರದ ಛತ್ರದಲ್ಲಿ ಆರತಕ್ಷತೆಗೆ ಹೋದರು. ಆಮೇಲೊಂದು ದಿನ ಆ ಹೆಣ್ಣಿನ ತಾಯಿ ಅಳಿಯನ್ನ ಕರಕೊಂಡು ಸ್ಟುಡಿಯೋಗೇ ಜಗಳಕ್ಕೆ ಬಂದರು. ಮಗಳ ಆರತಕ್ಷತೆ ಫೋಟೋಗಳನ್ನ ಫೋನಲ್ಲಿ ಹಾಕಿ ನೋಡಿದರೆ, ಎಲ್ಲಾದಕ್ಕೂ ಮಾಲೂರಿನ ಸ್ಮಶಾನ ಅಂತ ತೋರಿಸುತ್ತಂತೆ.

ನಮ್ಮೋರು ಕೈ ಮುಗಿದು ಹೇಳಿದರು, "ಛತ್ರದ ಒಳಗೆ ಆಕಾಶ ಕಾಣಲ್ಲ ಕಣಮ್ಮ. ಆಕಾಶ ಕಾಣದಿದ್ದರೆ ಇದು ಹಿಂದೆ ನಿಂತಿದ್ದ ಜಾಗಾನೇ ಬರಕೊಂಡುಬಿಡುತ್ತೆ." ಆಯಮ್ಮ ಕೇಳೋ ಹಾಗೇ ಕಾಣಲಿಲ್ಲ. ಕೊನೆಗೆ ಅಳಿಯನೇ ಸಮಾಧಾನ ಮಾಡಿದ: "ಬಿಡಿ ಅತ್ತೆ, ಜಾಗ ಸರಿಯಾಗೇ ಇದೆ."

ಅವರು ಹೋದ ಮೇಲೆ ನಾವಿಬ್ಬರೂ ಶಟರ್ ಎಳೆದು ಒಳಗೆ ಕೂತು ನಕ್ಕೆವು. ಈಗ ನೆನೆಸಿಕೊಂಡು ಒಬ್ಬಳೇ ನಗ್ತೀನಿ. ಒಬ್ಬಳೇ ನಕ್ಕರೆ ನಗು ಬೇಗ ಮುಗಿದುಹೋಗುತ್ತೆ.

ಮರ ಹುಡುಕಿದ್ದು

ಪಕ್ಕದ ಮನೆ ಟೀಚರಮ್ಮನ ಮುಂದೆ ಕ್ಯಾಮೆರಾ ಇಟ್ಟು ನನ್ನ ಆಸೆ ಹೇಳಿದೆ. ಅವಳು ಲ್ಯಾಪ್‌ಟಾಪಿಗೆ ಹಾಕಿ ನೋಡಿ, "ಅಜ್ಜೀ, ಇದು ಯಲ್ದೂರು ಕಡೆ ಅಲ್ಲ, ಮುಳಬಾಗಿಲು" ಅಂದಳು. ಎಲ್ಲಾದರೇನು, ಮರ ಸಿಕ್ಕಿದರೆ ಸಾಕು ಅಂತ ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು. ನಾನು ಇಸ್ತ್ರಿ ಸೀರೆ ಉಟ್ಟಿದ್ದೆ, ಅವರೇ ಅಲ್ಲಿ ಕಾಯ್ತಾ ಇದ್ದಾರೇನೋ ಅನ್ನೋ ಹಾಗೆ.

ಫೋನು ತೋರಿಸಿದ ದಾರೀಲಿ ನಡೆದು ನಡೆದು ನಿಂತರೆ, ಎದುರಿಗೆ ದೋಸೆ ಹೋಟ್ಲು. ಮಾವಿನ ಎಲೆ ಅಂತ ಇದ್ದದ್ದು ಬಾಗಿಲಿಗೆ ಕಟ್ಟಿದ ತೋರಣದಲ್ಲಿ ಮಾತ್ರ. ಫೋಟೋ ತೋರಿಸಿ, ಇದನ್ನ ತೆಗೆದೋರು ನಮ್ಮ ಯಜಮಾನರು, ಸ್ಟುಡಿಯೋದೋರು ಅಂದೆ. ಹೋಟ್ಲಿನವನು ಮುಖ ಅರಳಿಸಿ, "ನಮ್ಮ ಕ್ಯಾಮೆರಾ ಸಾರಾ? ಈ ಕಡೆ ಬರೋದೇ ಬಿಟ್ಟುಬಿಟ್ಟರಲ್ಲಮ್ಮ. ತುಪ್ಪ ಇನ್ನೂ ಹಾಕು, ಇನ್ನೂ ಹಾಕು ಅನ್ನೋರು" ಅಂದ.

ಡಾಕ್ಟರು ತುಪ್ಪ ಮುಟ್ಟಬೇಡಿ ಅಂದಿದ್ದ ಎದೆ ಅದು. ಮನೇಲಿ ಅರ್ಧ ಮುದ್ದೆ ಬಿಟ್ಟು ಎದ್ದಾಗಲೆಲ್ಲ, ಬಸ್ಸಾರಿಗೆ ಹುಳಿ ಜಾಸ್ತಿ ಆಯಿತೇನೋ ಅಂತ ನಾನು ಕೊರಗಿದ್ದೆ. ಟೀಚರಮ್ಮ ಬಿಡಿಸಿ ಹೇಳಿದಳು: ಇಲ್ಲಿ ತಿಂದು, ಹೊರಗೆ ನಿಂತು ಒಂದು ಫೋಟೋ ತೆಗೆದಿದ್ದಾರೆ, ಆಮೇಲೆ ನಿಮ್ಮ ತವರಿಗೆ ಬಂದಿದ್ದಾರೆ, ಮಾವಿನ ಮರ ದಟ್ಟ ಇದ್ದಿದ್ದಕ್ಕೆ ಆಕಾಶ ಕಂಡಿಲ್ಲ.

ನನಗೆ ಅರ್ಥ ಆಗಿದ್ದು ಬೇರೆ. ತುಪ್ಪದ ದೋಸೆ ಹೊಟ್ಟೆಗೆ ಬಿದ್ದ ದಿನವೇ ಆ ಮನುಷ್ಯನ ಕಣ್ಣಿಗೆ ನನ್ನ ಮುಖ ಚೆನ್ನಾಗಿ ಕಂಡಿರೋದು.

ಯಾರು ಏನಾದರು

ಗ್ರಹ ಕಾದು ಮದುವೆಯಾದ ಜೋಡಿ ರಾಯಲ್ಪಾಡಲ್ಲೇ ಟೊಮೆಟೊ ಬೆಳಕೊಂಡು ಚೆನ್ನಾಗಿದ್ದಾರೆ. ಆ ಪುರೋಹಿತರು ಮಾತ್ರ ಕ್ಯಾಮೆರಾ ಕಂಡರೆ ಇವತ್ತಿಗೂ ಒಂದು ಸಲ ಮೇಲೆ ನೋಡ್ತಾರಂತೆ. ಕೋಲಾರದ ಅಳಿಯನ ಮನೇಲೇ ಈಗ ಅತ್ತೆಯೂ ಇದ್ದಾರೆ. ಅವನು ಜಾಗದ ಮಾತು ಎತ್ತೋದು ಬಿಟ್ಟಿದ್ದಾನೆ. ಟೀಚರಮ್ಮನಿಗೆ ಮಾಲೂರಿಗೆ ವರ್ಗ ಆಯಿತು. ಪಕ್ಕದ ಮನೆಗೆ ಬೀಗ.

ನನಗೆ ಆ ಮರ ಸಿಗಲಿಲ್ಲ. ಡಾಕ್ಟರು ಈಗ ನನಗೂ ತುಪ್ಪ ಬೇಡ ಅಂದಿದ್ದಾರೆ. ಮನಸ್ಸು ತಡೀದೇ ಇದ್ದಾಗ ಬಸ್ಸು ಹತ್ತಿ ಮುಳಬಾಗಿಲಿಗೆ ಹೋಗಿ, ಆ ಹೋಟ್ಲಲ್ಲಿ ಕೂತು ಒಂದು ದೋಸೆ ತಿಂತೀನಿ. ಟೀಚರಮ್ಮ ಫೋನು ಮಾಡಿ ಎಲ್ಲಿದ್ದೀರಜ್ಜೀ ಅಂತ ಕೇಳಿದರೆ, ಮಠದಲ್ಲಿದ್ದೀನಿ ಕಣಮ್ಮ ಅಂತೀನಿ. ಬಾಯಲ್ಲಿ ದೋಸೆ ಇರುತ್ತಲ್ಲ, ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ. ಅಳ್ತಾ ಇದ್ದೀರಾ ಅಂತಾಳೆ. ಇಲ್ಲ ಅಂತೀನಿ.

ಒಂದೊಂದು ಸಲ ಅದೂ ಸುಳ್ಳೇ.