ಖರೇ ಕೂದಲಿನ ಕರಡಿ

ಅನಿಲಕುಮಾರ ಅವತ್ತು ಮನೆಯಿಂದ ಒಂದು ಕೈಚೀಲ ಹಿಡಿದುಕೊಂಡು ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಚೀಲ ಇರಲಿಲ್ಲವೆಂದಲ್ಲ. ಹೆಂಡತಿ ಶಿವಕುಮಾರಿ ಬಾಗಿಲ ತನಕ ಬಂದು ಕೈಗೆ ಕೊಟ್ಟಿದ್ದಳು. ಆದರೆ ಆ ಚೀಲದ ಮೇಲೆ ಅವಳ ಅಣ್ಣ ಸಂಗನಬಸವನ ಗೊಬ್ಬರದ ಅಂಗಡಿಯ ಹೆಸರು, ಅದರ ಕೆಳಗೆ ಕೈಮುಗಿದು ನಗುವ ಅವನ ಫೋಟೊ ಇತ್ತು. ಆ ಮುಖವನ್ನು ಹೊತ್ತುಕೊಂಡು ಸಿಂಧನೂರಿನ ಬಜಾರು ತಿರುಗುವುದು ಅನಿಲಕುಮಾರನಿಂದ ಆಗದ ಕೆಲಸ. ಚೀಲವನ್ನು ಕಟ್ಟೆಯ ಮೇಲೆ ಮರೆತವನಂತೆ ಇಟ್ಟು ಬಸ್ ಹತ್ತಿಬಿಟ್ಟ.

ಅನಿಲಕುಮಾರ ಮಸ್ಕಿಯ ಟೇಲರ್. ರೆಡಿಮೇಡ್ ಪ್ಯಾಂಟುಗಳು ಬಂದು ಹೊಲಿಗೆ ಕಡಿಮೆಯಾದ ಮೇಲೆ, ಕೈ ಸುಮ್ಮನಿರಲಾರದೆ, ಕೂದಲಿನಂಥ ನೈಲಾನ್ ಬಟ್ಟೆ ತಂದು ಕರಡಿ ಗೊಂಬೆ ಹೊಲಿಯಲು ಶುರು ಮಾಡಿದ್ದ. ಗೊಂಬೆಗಳು ಚೆಂದವೇ ಇದ್ದವು, ಕೊಳ್ಳುವವರಿರಲಿಲ್ಲ ಅಷ್ಟೆ. ಊರವರು ಬಂದು ಕರಡಿಯ ಹೊಟ್ಟೆ ಅಮುಕಿ, "ಭಾಳ ಮೆತ್ತಗೈತಿ ಬಿಡ್ರಿ ಮಾಸ್ತರ" ಎಂದು ಹೊಗಳಿ, ಪ್ಯಾಂಟಿಗೆ ಜಿಪ್ಪು ಹಾಕಿಸಿಕೊಂಡು ಹೋಗುತ್ತಿದ್ದರು. "ಗೊಂಬಿ ಬಿಟ್ಟು ನಮ್ಮಣ್ಣನ ಅಂಗಡ್ಯಾಗ ಕುಂದರ್ರಿ" ಎಂದು ಶಿವಕುಮಾರಿ ಹೇಳುತ್ತಲೇ ಇದ್ದಳು. ಇವನು ಕೇಳದವನಂತೆ ಸೂಜಿಗೆ ದಾರ ಪೋಣಿಸುತ್ತಿದ್ದ.

ಹಿಂದಿನ ವಾರ ಲಿಂಗಸುಗೂರಿನ ದೊಡ್ಡ ಜವಳಿ ಅಂಗಡಿಯ ಕಲ್ಯಾಣಮ್ಮನವರು ಮಸ್ಕಿಗೆ ಬಂದವರು ಇವನ ಅಂಗಡಿಯ ಮುಂದೆ ಕಾರು ನಿಲ್ಲಿಸಿದ್ದರು. ಒಂದು ಗೊಂಬೆ ಎತ್ತಿ ಸವರಿ ನೋಡಿದರು.

"ತಮ್ಮಾ, ಕೈ ಚೊಲೋ ಐತಿ ನಿಂದು. ಆದ್ರ ಇವು ಪ್ಲಾಸ್ಟಿಕ್ ಕೂದಲಾ. ನನ್ನ ಮೊಮ್ಮಗಗ ಖರೇ ಕೂದಲದ್ದೊಂದು ಮಾಡಿಕೊಡು. ಜೀವ ಇದ್ದ ಪ್ರಾಣೀದು ಇರಬೇಕು. ಅದು ಬರೋಬ್ಬರಿ ಆತಂದ್ರ ನಮ್ಮ ಅಂಗಡ್ಯಾಗ ನಿನ್ನ ಗೊಂಬಿಗೋಳಿಗೆ ಒಂದು ಗಾಜಿನ ಕಪಾಟ ಬಿಟ್ಟುಕೊಡ್ತೀನಿ. ಬರೂ ಶನಿವಾರ ಸಂಜಿಗೆ ಇದ ದಾರೀಲೆ ಬರ್ತೀನಿ" ಅಂದರು.

ಯಾಕೆ ಖರೇ ಕೂದಲು ಎಂದು ಅವರು ಹೇಳಲಿಲ್ಲ. ದೊಡ್ಡವರ ಮನೆಯ ಶೋಕಿ ಎಂದುಕೊಂಡು ಇವನೂ ಕೇಳಲಿಲ್ಲ. ಲಿಂಗಸುಗೂರಿನಲ್ಲಿ ಗಾಜಿನ ಕಪಾಟು ಎಂಬ ಮಾತಿನಲ್ಲೇ ಅವನ ಕಿವಿ ತುಂಬಿ ಹೋಗಿತ್ತು. ಆ ಖುಷಿಯಲ್ಲಿ ಹೆಂಡತಿಯ ಮುಂದೆ ಆಣೆ ಬೇರೆ ಮಾಡಿದ. "ಈ ಕರಡಿ ಒಂದು ಪಾಸಾಗಲಿ. ಆಗಲಿಲ್ಲಂದ್ರ ಸೋಮವಾರದಿಂದ ನಿಮ್ಮಣ್ಣನ ಅಂಗಡ್ಯಾಗ ಕುಂದರ್ತೀನಿ, ಲಿಂಗದಾಣಿ." ಶಿವಕುಮಾರಿ ಅಂದೇ ಅಣ್ಣನಿಗೆ ಫೋನ್ ಮಾಡಿ ಒಂದು ಕುರ್ಚಿ ತೆಗೆದಿಡಲು ಹೇಳಿದಳು.

ಖರೇ ಕೂದಲು ಹುಡುಕಿ ಹುಡುಕಿ ಶನಿವಾರವೇ ಬಂತು. ಕೊನೆಗೆ ಸಿಕ್ಕಿದ್ದು ಸಿಂಧನೂರಿನ ಹುಸೇನ್‌ಸಾಬನ ಹತ್ತಿರ. ಹುಸೇನ್‌ಸಾಬ್ ಹೈದರಾಬಾದಿನಿಂದ ಹಳೇ ಬಟ್ಟೆಯ ಗಂಟು ತರಿಸಿ ಮಾರುವವನು. ಪರದೇಶದವರು ಹಾಕಿ ಬಿಟ್ಟ ಸ್ವೆಟರು, ಜಾಕೀಟುಗಳ ಗುಡ್ಡೆಯ ತಳದಿಂದ ಅವನು ಒಂದು ಕರಿ ಕೋಟನ್ನು ಎಳೆದು ಝಾಡಿಸಿದ. ಹೆಂಗಸರ ಕೋಟು, ಮೊಣಕಾಲು ತನಕ ಉದ್ದ, ಮೈತುಂಬ ಕಪ್ಪು ಕೂದಲು.

"ಅಸಲಿ ಮಾಲ್ ರೀ. ನಮ್ಮ ಸಿಂಧನೂರ ಬಿಸಿಲಾಗ ಇದನ್ನ ಯಾರು ಹಾಕ್ಕೊಂತಾರ? ಬೇಕಾರ್ ಬಿದ್ದೈತಿ. ನೀವು ಒಯ್ದ್ರ ನನಗ ಪುಣ್ಯ ಬರತೈತಿ" ಅಂದ.

ಅನಿಲಕುಮಾರ ಸುಮ್ಮನೆ ನಂಬುವವನಲ್ಲ. ಕೂದಲನ್ನು ಬಾಯಿಂದ ಊದಿ ಸರಿಸಿ ನೋಡಿದ. ಬುಡದಲ್ಲಿ ನೇಯ್ದ ಬಟ್ಟೆ ಇರಲಿಲ್ಲ, ತೊಗಲಿತ್ತು. ಒಂದೆಳೆ ಕಿತ್ತು ಕಡ್ಡಿ ಗೀರಿ ಸುಟ್ಟ. ಪ್ಲಾಸ್ಟಿಕ್ಕಿನಂತೆ ಮುದ್ದೆಯಾಗಲಿಲ್ಲ, ತಲೆಗೂದಲು ಸುಟ್ಟ ವಾಸನೆಯೇ ಬಂತು. ಒಳಗಿನ ಚೀಟಿಯಲ್ಲಿ ಮೊಲದ ಕೂದಲೆಂದು ಬರೆದಿತ್ತು. ಅವನಿಗೆ ಹುಸೇನ್‌ಸಾಬನನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

"ಒಂದು ಕವರ್ ಕೊಡ್ರಿ."

"ಕವರ್ ಬಂದ್ ಮಾಡ್ಯಾರ್ರಿ. ಮನಿಯಿಂದ ಚೀಲ ತರಬೇಕು."

ಹೀಗೆ ಮೊಲದ ಕೋಟು ಮಗುವಿನಂತೆ ಅನಿಲಕುಮಾರನ ತೋಳಿನ ಮೇಲೆ ಮಲಗಿ ಮಸ್ಕಿ ಬಸ್ ಹತ್ತಿತು.

ಪಕ್ಕದ ಸೀಟಿನಲ್ಲಿ ಪಾಮನಕಲ್ಲೂರಿನ ತಿಮ್ಮವ್ವ ಕೂತಿದ್ದಳು. ಬಸ್ ಸಿಂಧನೂರು ದಾಟುವ ಮೊದಲೇ ಅವಳ ಕೈ ಕೋಟಿನ ಮೇಲಿತ್ತು.

"ಎಲ್ಲೀ ಕರಡೀದಪ್ಪ ಇದು? ದರೋಜಿ ಗುಡ್ಡದ್ದೇನು?"

"ಕರಡೀದಲ್ಲಬೇ. ಮೊಲದ್ದು."

"ಮೊಲ ಇಷ್ಟು ದೊಡ್ಡದಿರ್ತಾವೇನು?"

"ಒಂದ ಮೊಲ ಅಲ್ಲಬೇ. ಭಾಳ ಮೊಲ ಕೂಡಿಸಿ ಹೊಲದಾರ."

"ಮೊಲಕ್ಕ ತೋಳೆಲ್ಲಿರ್ತಾವಪ್ಪ?"

"ಇದು ಕೋಟಬೇ. ಕೋಟಿಗೆ ತೋಳಿರ್ತಾವ."

"ಕರಡಿಗೂ ಇರ್ತಾವ" ಅಂದಳು ತಿಮ್ಮವ್ವ.

ಅವಳು ದನಿ ಇಳಿಸಿದಳು. "ನೋಡು ತಮ್ಮಾ, ನಾ ಸಣ್ಣಾಕಿದ್ದಾಗ ಕರಡಿ ಆಡಸೋರು ಊರಿಗೆ ಬರತಿದ್ರು. ಅಂಜೂ ಹುಡುಗರನ್ನ ಕರಡಿ ಮ್ಯಾಲ ಕುಂದ್ರಿಸಿ, ಒಂದು ಕೂದಲಾ ಕಿತ್ತು ತಾಯತದಾಗ ಹಾಕಿ ಕಟ್ಟತಿದ್ರು. ಈಗ ಕರಡಿ ಆಡಸೂದು ಸರಕಾರದೋರು ಬಂದ್ ಮಾಡ್ಯಾರ. ಹುಡುಗರು ಅಂಜೂದು ಬಂದ್ ಮಾಡ್ಯಾರೇನು? ನನ್ನ ಮೊಮ್ಮಗಳು ಅಮರೇಶ್ವರಿ ನಿದ್ದ್ಯಾಗ ಕಿಟಾರನ ಚೀರಿ ಏಳತಾಳ. ಒಂದ ಒಂದು ಕೂದಲಾ ಕೊಡಪ್ಪ. ನಿನ್ನ ಹೊಟ್ಟಿ ತಣ್ಣಗಿರಲಿ."

ಇಲ್ಲವೆನ್ನುವುದು ಅನಿಲಕುಮಾರನ ಜಾಯಮಾನದಲ್ಲೇ ಇಲ್ಲ. ಅದು ಮೊಲದ್ದೇ ಎಂದು ಇನ್ನೊಮ್ಮೆ ಹೇಳಿ ಒಂದು ಕೂದಲು ಕಿತ್ತು ಕೊಟ್ಟ. ತಿಮ್ಮವ್ವ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. ಅಷ್ಟೇ ಸಾಕಾಯಿತು. ಮುಂದಿನ ಸೀಟಿನವಳು ತಿರುಗಿದಳು. ಹಿಂದಿನ ಸೀಟಿನಿಂದ ಎರಡು ಕೈ ಬಂದವು. ಒಬ್ಬರ ಮಗ ಗುಡುಗಿಗೆ ಅಂಜುತ್ತಿದ್ದ, ಒಬ್ಬರ ಮಗಳು ಗಡ್ಡದವರಿಗೆ, ಇನ್ನೊಬ್ಬರ ಕೂಸು ಯಾವುದಕ್ಕೆ ಅಂಜುತ್ತದೆಂದು ಇನ್ನೂ ಗೊತ್ತಾಗಿರಲಿಲ್ಲ.

ಅನಿಲಕುಮಾರ ಕೋಟನ್ನು ಎದೆಗವಚಿಕೊಂಡು ಕೊನೆಯ ಅಸ್ತ್ರ ಪ್ರಯೋಗಿಸಿದ. "ನೋಡ್ರಿ, ಕರಡಿ ಕೂದಲಾ ಇಟಗೊಂಡ್ರ ಫಾರೆಸ್ಟಿನೋರು ಒಯ್ದು ಒಳಗ ಹಾಕ್ತಾರ."

"ಹಂಗಂದ್ರ ಖರೇ ಕರಡೀದೇ ಐತಿ. ಅದಕ್ಕ ಮನಷಾ ಮೊಲ ಮೊಲ ಅನ್ನಾಕತ್ಯಾನ" ಎಂದು ಯಾರೋ ತೀರ್ಪು ಕೊಟ್ಟರು. ಸೀಟು ಬಿಟ್ಟು ಎದ್ದವರು ಈಗ ಸಾಲಾಗಿ ಬಂದರು. ಕಂಡಕ್ಟರ್ ಎಲ್ಲರನ್ನೂ ಗದರಿಸಿ ಕೂಡಿಸಿದ. ಅನಿಲಕುಮಾರನಿಗೆ ಜೀವ ಬಂದಂತಾಯಿತು. ಆಮೇಲೆ ಕಂಡಕ್ಟರ್ ಬಗ್ಗಿ ಕಿವಿಯಲ್ಲಿ, "ನನಗ ಅವಳಿ ಜವಳಿ ಅದಾವ್ರಿ. ಎರಡು ಬೇಕಾಗ್ತಾವ" ಅಂದ.

ಮಸ್ಕಿಯಲ್ಲಿ ಇಳಿದಾಗ ಕೋಟಿನ ಒಂದು ಭುಜ ಬೋಳಾಗಿತ್ತು. ಹನಿ ಹನಿ ಕೂಡಿದರೆ ಹಳ್ಳ ಎಂದು ಹಿರಿಯರು ಹೇಳಿದ್ದಾರೆ, ಎಳೆ ಎಳೆ ಹೋದರೆ ಏನಾಗುತ್ತದೆಂದು ಯಾರೂ ಹೇಳಿಲ್ಲ. ಇರಲಿ, ಬೆನ್ನಿದೆ, ಎದೆಯಿದೆ, ದೊಡ್ಡ ಕರಡಿಯೇ ಆಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಓಣಿಯ ಕಡೆ ನಡೆದ.

ಅವನಿಗಿಂತ ಮೊದಲು ಸುದ್ದಿ ಬಂದಿತ್ತು. ಅಂಗಡಿಯ ಎದುರಿನ ಚಹಾದ ಹೋಟೆಲಿನ ಹುಸೇನಪ್ಪ ಚಹಾ ಸೋಸುವ ಸಾಣಿಗೆ ಕೈಯಲ್ಲಿ ಹಿಡಿದೇ ಹೊರಗೆ ಬಂದ.

"ಮಾಸ್ತರ, ಕರಡಿ ಹೊಡದೀರಂತ?"

"ಯಾರು ಹೇಳಿದ್ರೋ ಮಾರಾಯ? ಮೊಲದ ಕೋಟಿದು. ಹಳೇದು. ಸಿಂಧನೂರ ಹುಸೇನ್‌ಸಾಬನ ಹತ್ರ ತಂದೀನಿ."

"ಆತ್ರಿ, ಮೊಲ ಅಂದ್ರ ಮೊಲ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ" ಎಂದು ಹುಸೇನಪ್ಪ ಕಣ್ಣು ಮಿಟುಕಿಸಿ, ಹೋಟೆಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ನಮ್ಮ ಹುಡುಗಗೊಂದು ತಗದಿಡ್ರಿ ಮತ್ತ" ಅಂದ.

ಅನಿಲಕುಮಾರ ಓಡುವಂತೆ ಮನೆ ಸೇರಿ, ಕೋಟನ್ನು ಹೆಂಡತಿಯ ಕೈಗೆ ಕೊಟ್ಟು, "ಇದನ್ನ ಯಾರಿಗೂ ಮುಟ್ಟಾಕ ಕೊಡಬ್ಯಾಡ. ಇದು ಮೊಲದ್ದು. ಮೊಲದ್ದು ಅಂತ ಹೇಳು" ಎಂದು ಹೇಳಿ ಬಚ್ಚಲಿಗೆ ಹೋದ. ಮೈಗೆಲ್ಲ ಕೂದಲು ಅಂಟಿ ತುರಿಸುತ್ತಿತ್ತು. ಸ್ನಾನ ಮಾಡಿ, ರೊಟ್ಟಿ ತಿಂದು, ಕಣ್ಣಿಗೆ ಜೊಂಪು ಹತ್ತಿದಾಗ ಮುಂಬಾಗಿಲಲ್ಲಿ ಗುಜುಗುಜು ಕೇಳಿಸಿತು. ಎದ್ದು ಹೋಗಿ ನೋಡಿದರೆ ಶಿವಕುಮಾರಿ ಹೊಸ್ತಿಲ ಮೇಲೆ ಕೋಟು ಹಾಸಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು, ಪ್ರಸಾದ ಹಂಚಿದಂತೆ ಹಂಚುತ್ತಿದ್ದಳು. ಮುಂದೆ ಓಣಿಗೆ ಓಣಿಯೇ ನಿಂತಿತ್ತು. ಬಳೆ ಮಾರುವ ಪಕ್ಕದ ಮನೆಯ ದಾವಲ್‌ಬೀ ಸಾಲು ಸರಿಪಡಿಸುತ್ತಿದ್ದಳು.

"ಏನ್ ಮಾಡಾಕತ್ತೀ ನೀನು?"

"ದಿನಾ ಬೆಳಗಾದ್ರ ಮುಖ ನೋಡೋ ಮಂದೀರಿ. ಒಲ್ಲೆ ಅನ್ನಾಕ ಹೆಂಗಾಕ್ಕೈತಿ?" ಅಂದಳು ಶಿವಕುಮಾರಿ. ಅವಳ ಮುಖದಲ್ಲಿ ಇಷ್ಟು ವರ್ಷ ಕಾಣದಿದ್ದ ಕಳೆ ಇತ್ತು. ಗೊಂಬೆ ಮಾಸ್ತರನ ಹೆಂಡತಿಯ ಬಾಗಿಲಿಗೆ ಊರು ಬಂದಿದ್ದು ಅದೇ ಮೊದಲು. ಅವಳನ್ನು ಬಯ್ಯಲು ಅನಿಲಕುಮಾರನಿಗೆ ಬಾಯಿ ಬರಲಿಲ್ಲ.

"ಇದು ಮೊಲದ್ದು, ಯವ್ವಾ. ಮೊಲದ್ದು" ಎಂದು ಸಾಲಿಗೆ ಕೈ ಮುಗಿದ.

"ನಮಗೆಲ್ಲಾ ಗೊತ್ತೈತಿ ಅನಿಲಪ್ಪ. ಪೊಲೀಸರು ಬಂದ್ರ ನಾವೂ ಮೊಲದ್ದಂತೇ ಹೇಳ್ತೀವಿ" ಎಂದಳು ದಾವಲ್‌ಬೀ.

ಕೋಟು ಕೈಗೆ ಬಂದಾಗ ಬೆನ್ನು, ಎದೆ, ತೋಳು ಎಲ್ಲ ಬೋಳು. ಕಂಕುಳ ಕೆಳಗೆ ಎರಡು ತುಂಡು, ಕಾಲರಿನ ಮಡಿಕೆಯೊಳಗೆ ಒಂದು ಪಟ್ಟಿ ಮಾತ್ರ ಉಳಿದಿತ್ತು. ಅನಿಲಕುಮಾರ ಅಂಗಡಿಯ ಶಟರ್ ಎಳೆದುಕೊಂಡು ಒಳಗೆ ಕೂತು ಅದನ್ನು ತಿರುವಿ ತಿರುವಿ ನೋಡಿದ. ಗೊಬ್ಬರದ ಅಂಗಡಿಯ ಯೂರಿಯಾ ವಾಸನೆ ಈಗಲೇ ಮೂಗಿಗೆ ಬಡಿದಂತಾಯಿತು.

ಆಮೇಲೆ ಎದ್ದ. ತೊಗಲಿನ ಹಿಂಬದಿಯಿಂದ ಬ್ಲೇಡಿನಲ್ಲಿ ಗೀರಿ, ಒಂದೆಳೆಯೂ ತುಂಡಾಗದಂತೆ ಆ ಚೂರುಗಳನ್ನು ಬಿಡಿಸಿದ. ದೊಡ್ಡ ಕರಡಿ ಆಗಲಿಕ್ಕಿಲ್ಲ, ಮರಿ ಆಗಬಹುದು. ಕೂದಲು ಎಲ್ಲಾ ಒಂದೇ ಕಡೆ ವಾಲುವಂತೆ ಜೋಡಿಸಿ ಸಣ್ಣ ಹೊಲಿಗೆ ಹಾಕಿದ. ಹತ್ತಿ ತುಂಬಿದ, ಶರ್ಟಿನ ಎರಡು ಕರಿ ಬಟನ್ ಹಚ್ಚಿ ಕಣ್ಣು ಮಾಡಿದ. ಹೊಲಿಗೆಯೊಳಗೆ ಸಿಕ್ಕಿದ ಕೂದಲನ್ನು ಸೂಜಿಯ ತುದಿಯಿಂದ ಒಂದೊಂದಾಗಿ ಹೊರಗೆಳೆದ. ಮುಗಿಸಿ ಕೈಯಲ್ಲಿಟ್ಟುಕೊಂಡಾಗ ಅವನಿಗೇ ನಂಬಿಕೆ ಬರಲಿಲ್ಲ. ಒಂದೂವರೆ ಗೇಣಿನ ಕರಡಿಮರಿ, ಈಗಷ್ಟೇ ನಿದ್ದೆಯಿಂದ ಎದ್ದು ಯಾರನ್ನೋ ಹುಡುಕುವ ಮುಖ. ಶಿವಕುಮಾರಿ ಚಹಾ ತಂದವಳು ನಿಂತಲ್ಲೇ ನಿಂತಳು. "ಎಷ್ಟು ಚೆಂದ ಆಗೇತ್ರೀ" ಅಂದಳು. ಅಣ್ಣನ ಮಾತೆತ್ತಲಿಲ್ಲ.

ಸಂಜೆ ಕಲ್ಯಾಣಮ್ಮನವರ ಕಾರು ಬಂತು. ಕಾರಿನ ಸುತ್ತ ಓಣಿಯೂ ಬಂತು. ಅವರು ಕರಡಿಮರಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕೆನ್ನೆಗೆ ಹಚ್ಚಿಕೊಂಡರು.

"ಜೀವ ಒಂದು ಬಂದಿಲ್ಲ ನೋಡು ಇದಕ್ಕ. ಕಪಾಟಲ್ಲ ತಮ್ಮಾ, ಅಂಗಡಿ ಮುಂದಿನ ಗಾಜು ಇಡೀ ನಿನಗ ಬಿಡ್ತೀನಿ."

ಅನಿಲಕುಮಾರ ಎರಡೂ ಕೈ ಜೋಡಿಸಿದ.

"ಮೊಮ್ಮಗ ಭಾಳ ಅಂಜಬುರುಕ. ಹಲ್ಲಿ ಕಂಡ್ರ ಅಂಜತಾನ, ನೆಳ್ಳು ಕಂಡ್ರ ಅಂಜತಾನ" ಎಂದು ಅವರು ಮುಂದುವರಿಸಿದರು. "ಕರಡಿ ಕೂದಲಾ ಮೈಗೆ ಹತ್ತಿದ್ರ ಅಂಜಿಕಿ ಹೋಗತೈತಿ. ಆದ್ರ ಈಗಿನ ಹುಡುಗರು, ತಾಯತ ಕಟ್ಟಿದ್ರ ಹರದು ಒಗೀತಾವ. ಗೊಂಬಿ ಆದ್ರ ತಬ್ಬಿಕೊಂಡು ಮಲಗತಾನ ಅಂತ ನಾನ ಇಚಾರ ಮಾಡಿದೆ. ಇದು ಖರೇ ಕರಡೀದೇ ಹೌದಿಲ್ಲೋ?"

"ಖರೇ ಕರಡೀದೇ ರೀ" ಎಂದಿತು ಓಣಿ ಒಂದೇ ದನಿಯಲ್ಲಿ. ಹುಸೇನಪ್ಪ ದರೋಜಿ ಗುಡ್ಡದ್ದೆಂದೂ ಸೇರಿಸಿದ.

ಅನಿಲಕುಮಾರ ಏನೂ ಹೇಳಬೇಕಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಬೆಳಗಿನಿಂದ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ಅದು ತಾನಾಗಿಯೇ ಹೊರಳಿತು.

"ಇಲ್ರಿ ಅಮ್ಮಾರ. ಮೊಲದ್ದು."

ಹೇಳಿದ ಮೇಲೂ ಅವನಿಗೆ ಹೆದರಿಕೆಯಾಗಲಿಲ್ಲ. ಇಷ್ಟು ಹೊತ್ತು ಒಬ್ಬರೂ ನಂಬಿರಲಿಲ್ಲ, ಇವರು ಯಾಕೆ ನಂಬುತ್ತಾರೆ?

ಕಲ್ಯಾಣಮ್ಮ ಕೂದಲನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಅದಕ್ಕ ಇಷ್ಟು ಮೆತ್ತಗೈತಿ. ಕರಡಿ ಕೂದಲಾ ಕಸಬರಿಗಿ ಇದ್ದಂಗ ಬಿರುಸಿರ್ತಾವ. ಸಣ್ಣಾಕಿದ್ದಾಗ ನಾನೂ ಕುಂತೀನಿ ಅದರ ಮ್ಯಾಲ. ಚೊಲೋ ಆತು ತಮ್ಮಾ, ಖರೇ ಹೇಳಿದಿ. ಮೊದಲ ಅಂಜಬುರುಕ ಹುಡುಗ, ಅದಕ್ಕ ಮೊಲದ ಕೂದಲಾ ತಬ್ಬಿಸಿ ಮಲಗಿಸಿದ್ರ ಮಂಚದ ಬುಡಕಿಂದ ಹೊರಗ ಬರಾಂಗಿಲ್ಲ." ಕರಡಿಮರಿಯನ್ನು ಅವನ ಕೈಯಲ್ಲಿಟ್ಟು, ಅದರ ತಲೆ ಸವರಿ, ಕಾರು ಹತ್ತಿದರು. ಅಂಗಡಿ ಮುಂದಿನ ಗಾಜಿನ ಮಾತನ್ನೂ ಜೊತೆಗೇ ಹೊತ್ತುಕೊಂಡು ಕಾರು ಲಿಂಗಸುಗೂರಿನ ಕಡೆ ಹೋಯಿತು.

ಓಣಿ ಅಲ್ಲೇ ನಿಂತಿತ್ತು. ಎಲ್ಲರೂ ಅನಿಲಕುಮಾರನನ್ನೇ ನೋಡುತ್ತಿದ್ದರು. ಲಿಂಗಸುಗೂರಿನ ಕಲ್ಯಾಣಮ್ಮನವರೇ ನಂಬಿದ ಮೇಲೆ ನಂಬದಿರಲು ಇವರು ಯಾರು?

ಮೊದಲು ದಾವಲ್‌ಬೀ ಮುಂದೆ ಬಂದಳು. ಮೊಮ್ಮಗನ ಕೊರಳಿಂದ ಬಿಚ್ಚಿದ ತಾಯತದೊಳಗಿನ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಅಂಗಡಿಯ ಮೇಜಿನ ಮೇಲಿಟ್ಟಳು. "ಮಕ್ಕಳ ಕೊರಳಿಗೆ ಮೊಲದ ಕೂದಲಾ ಕಟ್ಟಿಸಿದೆಲ್ಲ ಅನಿಲಪ್ಪ. ಮೊಲದ್ದಂತ ಮೊದಲ ಒಂದು ಮಾತು ಹೇಳಬಾರದಾಗಿತ್ತೇನು?"

ಅವಳ ಹಿಂದೆ ಹುಸೇನಪ್ಪ, ಅವನ ಹಿಂದೆ ಸಾಲು. ಒಬ್ಬೊಬ್ಬರಾಗಿ ಬಂದು, ಒಂದೊಂದು ಕೂದಲಿಟ್ಟು, ಒಂದೊಂದು ಮಾತು ಆಡಿ ಹೋದರು. ಮಂದಿ ಮಕ್ಕಳ ಜೋಡಿ ಇಂಥ ಆಟ ಆಡಬಾರದು ಎಂದು ಬುದ್ಧಿ ಹೇಳಿದವರೂ ಇದ್ದರು. ಎಲ್ಲರೂ ಹೋದ ಮೇಲೆ ಶಿವಕುಮಾರಿ ಮೇಜಿನ ಮೇಲಿನ ಕರಿ ಗುಡ್ಡೆಯನ್ನು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮಂದಿ ಹೋಗಲಿ. ನನಗರ ಹೇಳಬಾರದಾಗಿತ್ತೇನ್ರೀ?"

ಅನಿಲಕುಮಾರ ಮೆಷಿನ್ನಿಗೆ ಬಟ್ಟೆ ಮುಚ್ಚುತ್ತ, "ಸೋಮವಾರ ನಿಮ್ಮಣ್ಣ ಅಂಗಡಿ ಎಷ್ಟೊತ್ತಿಗೆ ತೆಗೀತಾನ?" ಎಂದು ಕೇಳಿದ.